ಗೇರ್ ಬಾಕ್ಸ್ ಬಿಚ್ಚಿ ನೋಡದೆ "ಪೂರ್ತಿ ಬದಲಾಯಿಸಿ" ಅನ್ನೋರ ಮಾತು ಕೇಳಬೇಡಿ

ಈ ಸಲ ಬೆಳೆ ವಿಷಯ ಅಲ್ಲ, ಟ್ರಾಕ್ಟರ್ ವಿಷಯ. ಸ್ವಲ್ಪ ಉದ್ದ ಐತೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ನಮ್ಮ ನಾಲಾ ಬಯಲಲ್ಲಿ ಈಗೊಂದು ಹೊಸ ರೂಢಿ ಶುರುವಾಗೈತೆ. ಗೇರ್ ಬಿಟ್ಕೊಳ್ತು, ಒಳಗೆ ಸೌಂಡ್ ಬಂತು ಅಂದ್ರೆ ಸಾಕು, ಒಂದು ಬೋಲ್ಟೂ ಬಿಚ್ಚದೆ ತೀರ್ಪು ಕೊಟ್ಟುಬಿಡ್ತಾರೆ. "ಬಾಕ್ಸ್ ಹೋಗೈತೆ ಅಣ್ಣ, ಗುಜರಿಯಿಂದ ಬೇರೆ ಬಾಕ್ಸ್ ತಂದು ಕೂರಿಸೋಣ" ಅಂತ ಒಬ್ಬ. "ಹಳೇದನ್ನ ಕೊಟ್ಟು ಹೊಸದು ತಗೊಳ್ಳಿ, ಜಿಎಸ್‌ಟಿ ಇಳಿದೈತೆ" ಅಂತ ಇನ್ನೊಬ್ಬ. ಇವರ ಮಾತು ಕೇಳಿ ಸಾಲ ಮಾಡಿದವರು ನಮ್ಮಲ್ಲೇ ಇದ್ದಾರೆ. ನಾನು ಹೇಳೋದು ಒಂದೇ: ಒಳಗೆ ಏನು ಸವೆದೈತೆ ಅಂತ ಕಣ್ಣಾರೆ ನೋಡೋವರೆಗೆ ಒಂದು ರೂಪಾಯಿನೂ ಕೊಡಬೇಡಿ.

ಯಾಕೆ ಅಂತ ಹೇಳ್ತೀನಿ. ಗೇರ್ ಬಾಕ್ಸ್ ಅಂದ್ರೆ ಒಂದು ವಸ್ತು ಅಲ್ಲ. ಎರಕದ ಕಬ್ಬಿಣದ ಒಂದು ಪೆಟ್ಟಿಗೆ, ಅದರೊಳಗೆ ಶಾಫ್ಟು, ಗೇರು, ಬೇರಿಂಗು, ಫೋರ್ಕು, ಸೀಲು. ಪೆಟ್ಟಿಗೆ ಸಾಮಾನ್ಯಕ್ಕೆ ಸವೆಯಲ್ಲ. ಸವೆಯೋದು ಬೇರಿಂಗ್, ಸೀಲ್, ಫೋರ್ಕ್, ಒಂದೆರಡು ಗೇರಿನ ಹಲ್ಲು. ಬಾಗಿಲಿನ ತಿರುಗಣಿ ಸವೆದ್ರೆ ಯಾರಾದ್ರೂ ಮನೆ ಬದಲಾಯಿಸ್ತಾರಾ?

ಗುಜರಿ ಬಾಕ್ಸ್ ವಿಷಯಕ್ಕೆ ಬನ್ನಿ. ಅದು ಎಷ್ಟು ಗಂಟೆ ಓಡೈತೆ? ಆಯಿಲ್ ಸರಿಯಾಗಿ ಬದಲಾಯಿಸಿದ್ರಾ? ಎಷ್ಟು ವರ್ಷ ಕೇಜ್ ವೀಲ್ ಹಾಕಿ ಕೆಸರಲ್ಲಿ ಇಳಿಸಿದ್ರು? ಇದಕ್ಕೆ ಮಾರೋನ ಹತ್ರ ಉತ್ತರ ಇಲ್ಲ. ತಿಳ್ಕೋಬೇಕು ಅಂದ್ರೆ ಅದನ್ನೂ ಬಿಚ್ಚಲೇಬೇಕು. ಬಿಚ್ಚೋದೇ ಆದ್ರೆ ನಮ್ಮದನ್ನೇ ಯಾಕೆ ಬಿಚ್ಚಬಾರದು?

ಇನ್ನು ದುಡ್ಡಿನ ಲೆಕ್ಕ. ನಮ್ಮ ಗಾಡಿಗೆ ಹೋದ ಬೇಸಿಗೇಲಿ ಗುಜರಿ ಬಾಕ್ಸಿಗೇ 70,000 ಕೇಳಿದ್ರು. ನಾವು ಮನೆ ಅಂಗಳದಲ್ಲೇ ಬಿಚ್ಚಿಸಿದ್ವಿ. ಬೇರಿಂಗ್ 2,400, ಸೀಲ್ 700, ಒಂದು ಜೊತೆ ಗೇರ್ 4,600, ಆಯಿಲ್ 8,000, ಕೂಲಿ 5,000. ಒಟ್ಟು 20,700. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಬೇರೆ ಬಾಕ್ಸ್ ಹಾಕಿದ್ರೂ ಗಾಡಿ ಎರಡು ಭಾಗ ಮಾಡೋ ಕೂಲಿ, ಹೊಸ ಆಯಿಲ್ ಎರಡೂ ಬಿದ್ದೇ ಬೀಳ್ತಿತ್ತು. ಅದನ್ನ ಯಾರೂ ಮೊದಲೇ ಹೇಳಲ್ಲ.

ಜಿಎಸ್‌ಟಿ ಮಾತಿಗೂ ಉತ್ತರ ಐತೆ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿದದ್ದು ನಿಜ. ಆದ್ರೆ ಟ್ರಾಕ್ಟರಿನ ಟೈರು, ಹಲವು ಬಿಡಿಭಾಗಗಳ ಮೇಲೂ ಶೇ. 18ರಿಂದ 5ಕ್ಕೆ ಇಳಿತಲ್ಲ, ಅದನ್ನ ಯಾಕೆ ಬಾಯಿ ಬಿಡಲ್ಲ?

ಗಾಡಿ ಎರಡು ಭಾಗ ಮಾಡೋಕೆ ಮುಂಚೆ ಇಷ್ಟನ್ನ ನೀವೇ ನೋಡಿ:

1. ಗೇರ್ ಹಾಕುವಾಗ ಕರಕರ ಅಂದ್ರೆ ಮೊದಲು ಕ್ಲಚ್ ಪೆಡಲಿನ ಫ್ರೀ ಪ್ಲೇ ನೋಡಿ. ಕ್ಲಚ್ ಪೂರ್ತಿ ಬಿಡದಿದ್ರೂ ಹಂಗೇ ಆಗ್ತದೆ. ಎಷ್ಟಿರಬೇಕು ಅಂತ ಗಾಡಿ ಪುಸ್ತಕದಲ್ಲೇ ಕೊಟ್ಟಿರ್ತಾರೆ.

2. ಗೇರ್ ತಾನಾಗೇ ಬಿಟ್ಕೊಂಡ್ರೆ ಲಿವರ್ ಕೂತಿರೋ ಮೇಲಿನ ಮುಚ್ಚಳ ತೆಗೆಸಿ. ಎಷ್ಟೋ ಗಾಡಿಗಳಲ್ಲಿ ಎರಡು ಭಾಗ ಮಾಡದೇನೇ ಇದನ್ನ ತೆಗೀಬಹುದು. ಗೇರನ್ನ ಹಿಡಿದಿಡೋ ಬಾಲ್, ಸ್ಪ್ರಿಂಗ್ ಸೋತಿರಬಹುದು, ಫೋರ್ಕ್ ಸವೆದಿರಬಹುದು.

3. ನ್ಯೂಟ್ರಲ್‌ನಲ್ಲಿ ಸೌಂಡ್ ಇದ್ದು ಕ್ಲಚ್ ತುಳಿದಾಗ ನಿಂತ್ರೆ ಬಾಕ್ಸಿನ ಮುಂದಿನ ಬೇರಿಂಗ್ ಮೇಲೆ ಅನುಮಾನ. ತುಳಿದಾಗ ಮಾತ್ರ ಬಂದ್ರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್, ಬಾಕ್ಸಿಗೆ ಸಂಬಂಧ ಇಲ್ಲ.

4. ಆಯಿಲ್ ಇಳಿಸಿ ನೋಡಿ. ಹಾಲಿನ ಥರ ಬೆಳ್ಳಗಿದ್ರೆ ನೀರು ಸೇರೈತೆ. ಕೆಸರು ಹೊಡೆಯೋ ನಮ್ಮ ಗಾಡಿಗಳಿಗೆ ಇದೇ ದೊಡ್ಡ ಕಾಟ. ನುಣ್ಣನೆ ಬೂದಿ ಥರ ಇದ್ರೆ ಮಾಮೂಲಿ ಸವಕಳಿ. ಕಬ್ಬಿಣದ ಚೂರು ಸಿಕ್ರೆ ಮಾತ್ರ ಗಾಡಿ ನಿಲ್ಲಿಸಿ.

ಬಿಡಿಭಾಗ ಕಂಪನಿ ಅಂಗಡೀಲಿ ಮಾತ್ರ ಸಿಗೋದು ಅನ್ನೋದೂ ಅರ್ಧ ಸುಳ್ಳು. ಬೇರಿಂಗ್ ಮೇಲೆ ನಂಬರ್ ಕೊರೆದಿರ್ತಾರೆ. 6308 ಅಂತಿದ್ರೆ ಕೊನೇ ಎರಡು ಅಂಕಿ 08ನ್ನ 5ರಿಂದ ಗುಣಿಸಿ: ಒಳಗಿನ ತೂತು 40 ಮಿ.ಮೀ. ಸೀಲ್ ಮೇಲೆ 35-52-7 ಅಂತಿದ್ರೆ ಒಳಗಳತೆ, ಹೊರಗಳತೆ, ದಪ್ಪ. ಇಂಥವನ್ನ ನಂಬರ್ ಬರ್ಕೊಂಡು ಹೋದ್ರೆ ಒಳ್ಳೇ ಬೇರಿಂಗ್ ಅಂಗಡೀಲೇ ಕೊಡ್ತಾರೆ.

"ಒಂದ್ಸಲ ಬಿಚ್ಚಿದ್ರೆ ಮತ್ತೆ ಮೊದಲಿನಂಗೆ ಕೂರಲ್ಲ" ಅಂತ ಹೆದರಿಸೋರು ಇದ್ದಾರೆ. ಕಾರ್ಖಾನೇಲೂ ಮನುಷ್ಯರೇ ಜೋಡಿಸಿದ್ದು ಕಣ್ರಪ್ಪ. ಬಿಚ್ಚೋವಾಗ ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೀರಿ, ತೆಗೆದ ಸಾಮಾನನ್ನ ಸಾಲಾಗಿ ಟಾರ್ಪಾಲ್ ಮೇಲೆ ಇಡಿ. ಆದ್ರೆ ಒಂದು ಮಾತು ಖಡಕ್ಕಾಗಿ ಹೇಳ್ತೀನಿ: ಬರೀ ಜಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ. ಟ್ರಾಕ್ಟರಿಗೆ ಬೇರೆ ಚಾಸಿ ಇರಲ್ಲ, ಎಂಜಿನ್ನು, ಬಾಕ್ಸೇ ಅದರ ಬೆನ್ನುಮೂಳೆ. ಎರಡು ಭಾಗ ಆದ ಮೇಲೆ ಎಂಜಿನ್ ಭಾಗ ಪಕ್ಕಕ್ಕೆ ವಾಲ್ತದೆ. ಮುಂದಿನ ಆಕ್ಸಲ್ ಎರಡೂ ಕಡೆ ಮರದ ಬೆಣೆ ಹೊಡೀರಿ, ಎರಡೂ ಭಾಗದ ಕೆಳಗೆ ದಪ್ಪ ದಿಮ್ಮಿ ಕೊಡಿ, ತಿಳಿದ ಮೆಕ್ಯಾನಿಕ್ ಇಲ್ಲದೆ ಕೈ ಹಾಕಬೇಡಿ.

ಎಲ್ಲಾನೂ ರಿಪೇರಿ ಮಾಡಿಸಿ ಅಂತ ನಾನು ಹಟ ಹಿಡಿದಿಲ್ಲ. ಪೆಟ್ಟಿಗೆ ಬಿರುಕು ಬಿಟ್ಟಿದ್ರೆ, ಬೇರಿಂಗ್ ಕೂರೋ ಜಾಗವೇ ತಿಂದುಹೋಗಿದ್ರೆ ಬದಲಾಯಿಸೋದೇ ಸರಿ. ಕ್ರೌನ್-ಪಿನಿಯನ್ ಜೋಡಿಯಾಗೇ ಹಾಕಬೇಕು, ಅದರ ಸೆಟ್ಟಿಂಗ್ ಅಂಗಳದ ಕೆಲಸ ಅಲ್ಲ, ಅಳತೆ ಉಪಕರಣ ಇರೋ ವರ್ಕ್‌ಶಾಪಿಗೇ ಕೊಡಿ. ವಾರಂಟಿ ಇರೋ ಗಾಡೀನ ಮುಟ್ಟಲೇಬೇಡಿ. ಆದ್ರೆ ಇದೆಲ್ಲ ಬಿಚ್ಚಿ ನೋಡಿದ ಮೇಲೆ ಆಡೋ ಮಾತು. ಬಿಚ್ಚೋಕೆ ಮುಂಚೆ ಆಡಿದ್ರೆ ಅದು ವ್ಯಾಪಾರ.

ನಾಲೆ ನೀರು ನಿಂತಾಗ, ಗಾಡಿಗೆ ಕೆಲಸ ಇಲ್ಲದಾಗ ಈ ಕೆಲಸ ಮುಗಿಸ್ಕೊಳ್ಳಿ. ನಾಟಿ ಟೈಮಲ್ಲಿ ಕೆಟ್ಟು ನಿಂತ್ರೆ ಅವರು ಹೇಳಿದ್ದೇ ರೇಟು. ಹಳೇ ಬೇರಿಂಗು, ಗೇರನ್ನ ಕೇಳಿ ಈಸ್ಕೊಳ್ಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅಲ್ಲೇ ಅರ್ಥ ಮಾಡ್ಕೊಳ್ಳಿ.

ಹತ್ತಿರದ ಊರಿನೋರು ಯಾರಾದ್ರೂ ಬಿಚ್ಚಿಸೋದಿದ್ರೆ ಹೇಳಿ. ದಿಮ್ಮಿ, ಬೆಣೆ, ಎರಡು ಜಾಕ್ ನನ್ನ ಹತ್ರ ಅವೆ, ತಂದುಕೊಡ್ತೀನಿ.