ಏಳನೆಯ ಕಾರು

ಮಕ್ಕಳೇ, ನನ್ನ ಮೊಮ್ಮಗಳು ಆರನೇ ಕ್ಲಾಸಿಗೆ ಬಂದ ದಿನದಿಂದ ಒಂದೇ ಹಟ ಹಿಡಿದಿದ್ದಳು. "ಅಜ್ಜ, ನಾನು ಸೈಕಲ್‌ನಲ್ಲೇ ಸ್ಕೂಲಿಗೆ ಹೋಗ್ತೀನಿ." ಶಾಲೆಗೆ ಒಂದೂವರೆ ಕಿಲೋಮೀಟರ್ ದೂರ. ರಸ್ತೆಯ ಅಂಚಿನಲ್ಲಿ ಬಿಳಿ ಗೆರೆ ಎಳೆದ ಸೈಕಲ್ ಪಥವೂ ಇದೆ. ಆದರೂ ನನ್ನ ಸೊಸೆ ಬೇಡವೆಂದಳು. ಅವಳದು ತಪ್ಪಲ್ಲ. ಹಿಂದಿನ ತಿಂಗಳು ಅದೇ ಪಥದಲ್ಲಿ ನಿಂತಿದ್ದ ಕಾರಿನ ಬಾಗಿಲು ದಿಢೀರನೆ ತೆರೆದು, ಎಂಟನೇ ಕ್ಲಾಸಿನ ಹುಡುಗನೊಬ್ಬ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಹಿಂದೆಯೇ ಬಸ್ಸು ಬರುತ್ತಿತ್ತು. ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಅಷ್ಟಕ್ಕೇ ಮುಗಿಯಿತು.

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಸೈಕಲ್ಲಿಗೂ ತೆರಿಗೆ ಕಟ್ಟಿ ತಗಡಿನ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪವಿಲ್ಲದೆ ಹೊರಟರೆ ಪೊಲೀಸರು ಹಿಡಿಯುತ್ತಿದ್ದರು. ಅಂದರೆ ರಸ್ತೆಯಲ್ಲಿ ಸೈಕಲ್ಲಿಗೂ ಒಂದು ಲೆಕ್ಕವಿತ್ತು. ಈಗ ಆ ಲೆಕ್ಕವನ್ನು ನಾವೇ ಬರೆಯೋಣ ಅನ್ನಿಸಿತು. ಲೆಕ್ಕವಿಲ್ಲದ ದೂರು ಸಹಿ ಇಲ್ಲದ ಚೆಕ್ಕಿನ ಹಾಗೆ, ಯಾವ ಕೌಂಟರಿನಲ್ಲೂ ನಡೆಯುವುದಿಲ್ಲ.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಅಜ್ಜ, ಮೊಮ್ಮಗಳು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತೆವು. ಉದ್ದನೆಯ ನೋಟ್ ಪುಸ್ತಕದಲ್ಲಿ ಎರಡು ಕಲಂ: ಹಾದುಹೋದ ಸೈಕಲ್ಲುಗಳು, ಪಥದಲ್ಲಿ ನಿಂತ ವಾಹನಗಳು. ಅರ್ಧ ಗಂಟೆಯಲ್ಲಿ 23 ಸೈಕಲ್, 14 ವಾಹನ. ನಿಂತ ವಾಹನಗಳನ್ನು ತಪ್ಪಿಸಲು ಇಪ್ಪತ್ಮೂರು ಮಕ್ಕಳೂ ನಡುರಸ್ತೆಗೆ ಹೊರಳಲೇಬೇಕಾಯಿತು.

ಏಳನೆಯ ವಾಹನ ಬಂದಾಗ ಪುಟ್ಟಿ ಮೆಲ್ಲಗೆ ಕೇಳಿದಳು. "ಅಜ್ಜ, ಇದು ನಮ್ಮ ಕಾರಲ್ವಾ?"

ಹೌದು, ನಮ್ಮದೇ. ಪಾರ್ಕಿಗೆ ವಾಕಿಂಗ್ ಬಂದ ನನ್ನ ಮಗ ಬಿಳಿ ಗೆರೆಯೊಳಗೆ ನಿಲ್ಲಿಸಿ ಇಳಿದು ಹೋದ. "ಬರೀಲಾ, ಬೇಡ್ವಾ?" ಎಂದಳು ಪುಟ್ಟಿ. ಒಂದು ಕ್ಷಣ ನಾನೂ ಸುಮ್ಮನಾದೆ. ಆದರೆ ಒಂದು ಕಲಂ ಮುಚ್ಚಿಟ್ಟರೆ ಇಡೀ ಲೆಡ್ಜರೇ ಸುಳ್ಳಾಗುತ್ತದೆ. "ಬರಿ" ಎಂದೆ.

ರಾತ್ರಿ ಊಟದ ಹೊತ್ತಿಗೆ ಪುಸ್ತಕವನ್ನು ಮಗನ ಮುಂದಿಟ್ಟಳು. "ಮತ್ತೆಲ್ಲಿ ನಿಲ್ಲಿಸಲಿ ಅಪ್ಪ? ಬರೀ ಹತ್ತು ನಿಮಿಷ" ಎಂದ ಅವನು. "ಹದಿನಾಲ್ಕು ಜನಕ್ಕೂ ಬರೀ ಹತ್ತೇ ನಿಮಿಷ ಕಣಪ್ಪ" ಎಂದೆ. ಆಮೇಲೆ ಅವರಿಗೆ ಒಂದು ನಿಜವಾದ ಕಥೆ ಹೇಳಿದೆ. ನೀವೂ ಕೇಳಿ.

ನೆದರ್ಲೆಂಡ್ಸ್ ಇಂದು ಸೈಕಲ್ಲಿಗೆ ಹೆಸರಾದ ದೇಶ. ಆದರೆ ಐವತ್ತು ಅರವತ್ತು ವರ್ಷಗಳ ಹಿಂದೆ ಅಲ್ಲೂ ಕಾರುಗಳು ಬೀದಿಗಳನ್ನು ತುಂಬಿಕೊಂಡಿದ್ದವು. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮರುವರ್ಷ ಆಮ್‌ಸ್ಟರ್‌ಡ್ಯಾಮ್ ನಗರದ ಡೆ ಪೈಪ್ ಬಡಾವಣೆಯ ಮಕ್ಕಳು ಆಡಲು ಜಾಗ ಬೇಕೆಂದು ಸಹಿ ಸಂಗ್ರಹಿಸಿ, ತಾವೇ ಬೀದಿಗೆ ಅಡ್ಡಗಟ್ಟೆ ಇಟ್ಟರು. ಕಾರಿನವರು ರೇಗಿದರು, ಮಕ್ಕಳು ಬಿಡಲಿಲ್ಲ. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬ ಹೆಸರಿನ ಚಳವಳಿಯೂ ದೇಶದಲ್ಲಿ ಬೆಳೆಯಿತು. 1973ರಲ್ಲಿ ಪೆಟ್ರೋಲಿಗೆ ಅಭಾವ ಬಂದು, ಕೆಲವು ಭಾನುವಾರ ಕಾರು ಓಡಿಸುವಂತಿಲ್ಲ ಎಂದಿತು ಸರ್ಕಾರ. ಜನ ಖಾಲಿ ರಸ್ತೆಯಲ್ಲಿ ಸೈಕಲ್ ತುಳಿದು ರುಚಿ ನೋಡಿದರು. ಸೈಕಲ್ ಪಥಗಳು ಹೀಗೆ ಕೇಳಿ ಕೇಳಿ ಬಂದವು.

ಮಗ ಏನೂ ಹೇಳಲಿಲ್ಲ. ಮರುದಿನದಿಂದ ಪಾರ್ಕಿಗೆ ನಡೆದೇ ಹೋದ.

ನಾವು ಆರು ದಿನದ ಲೆಕ್ಕ ಬರೆದು, ಶಾಲೆಯ ಮುಖ್ಯೋಪಾಧ್ಯಾಯಿನಿಯವರ ಮತ್ತು ಪೋಷಕರ ಸಹಿ ಹಾಕಿಸಿ ಅರ್ಜಿ ಕೊಟ್ಟೆವು. ಕೇಳಿದ್ದು ಮೂರೇ. ಶಾಲೆಯ ಸಮಯದಲ್ಲಿ ಪಥದಲ್ಲಿ ವಾಹನ ನಿಲ್ಲಿಸಬಾರದು. ಬರೀ ಗೆರೆಯ ಬದಲು ಗಿಡ್ಡ ಕಂಬಗಳನ್ನು ನೆಡಬೇಕು, ಏಕೆಂದರೆ ಬಣ್ಣ ಕಾರನ್ನು ತಡೆಯುವುದಿಲ್ಲ. ಚರಂಡಿಯ ಜಾಲರಿಯ ಸರಳುಗಳು ರಸ್ತೆಯುದ್ದಕ್ಕೆ ಇವೆ, ಅದರಲ್ಲಿ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತದೆ. ಅದನ್ನು ಅಡ್ಡಕ್ಕೆ ತಿರುಗಿಸಬೇಕು.

ಎರಡು ಸಲ ಅಲೆದೆವು. ಮೂರನೆಯ ಸಲ ಇಂಜಿನಿಯರೊಬ್ಬರು ಸ್ಥಳಕ್ಕೇ ಬಂದರು. "ನಿಲ್ಲಿಸೋರು ಹೊರಗಿನವರಲ್ಲ, ನಿಮ್ಮ ಬಡಾವಣೆಯವರೇ ಅಲ್ವಾ ಸ್ವಾಮಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಪುಸ್ತಕ ಬಿಚ್ಚಿ, "ಹೌದು ಸರ್, ಏಳನೇದು ನಮ್ಮಪ್ಪಂದೇ. ಈಗ ನಿಲ್ಲಿಸಲ್ಲ" ಎಂದಳು. ಅವರು ನಕ್ಕರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

ಜಾಲರಿ ತಿರುಗಿದೆ. ಶಾಲೆಯ ಸಮಯಕ್ಕೆ ವಾಹನ ನಿಲುಗಡೆ ನಿಷೇಧದ ಫಲಕ ಬಂದಿದೆ. ಕಂಬಗಳು ಇನ್ನೂ ಬಂದಿಲ್ಲ, ಮತ್ತೆ ಅರ್ಜಿ ಬರೆಯುತ್ತಿದ್ದೇವೆ. ಕಳೆದ ವಾರ ಲೆಕ್ಕ ಮಾಡಿದಾಗ ನಿಂತ ವಾಹನ ಐದು. ಸೊಸೆ ಅರ್ಧ ಒಪ್ಪಿದ್ದಾಳೆ: ಮೂವರು ಗೆಳತಿಯರ ಜೊತೆಗಾದರೆ ಸೈಕಲ್, ಒಬ್ಬಳೇ ಆದರೆ ಅಜ್ಜನ ಜೊತೆ ನಡಿಗೆ.

ನೀವೂ ಈ ಭಾನುವಾರ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು ನಿಮ್ಮ ಬೀದಿಯಲ್ಲಿ ಅರ್ಧ ಗಂಟೆ ಕುಳಿತು ಲೆಕ್ಕ ಬರೆಯಿರಿ. ನಿಮ್ಮ ಮನೆಯ ಗಾಡಿ ಬಂದರೆ ಅದನ್ನೂ ಬರೆಯಿರಿ.