ಕೊಂಡಜ್ಜಿಗೆ ಐದು ಮಾತ್ರೆ

ಯಾವ ಅಜ್ಜಿಗೂ ಹುಷಾರು ತಪ್ಪಿಲ್ಲ, ಗಾಬರಿ ಬೇಡ. ಇದು ಛಂದಸ್ಸಿನ ಮಾತ್ರೆ. ವಿಷಯ ಮಾತ್ರ ಡಿಜೆ ನೈಟ್‌ದು. ನಮ್ಮ ಫೆಸ್ಟ್‌ಗಳಲ್ಲಿ ಕನ್ನಡ ಅಂದ್ರೆ ಕೊನೆಯ ಹತ್ತು ನಿಮಿಷ, ಎರಡು ಸಿನಿಮಾ ಹಾಡಿನ ರೀಮಿಕ್ಸ್, ಅಷ್ಟೇ. ಯಾಕೆ ಅಂತ ಕೇಳಿದ್ರೆ ಒಂದೇ ಉತ್ತರ: "ಎಲೆಕ್ಟ್ರಾನಿಕ್ ಬೀಟ್‌ಗೆ ಕನ್ನಡ ಕೂರಲ್ಲ ಗುರೂ." ಈ ಮಾತನ್ನ ನಾವು ಒಪ್ಪಲ್ಲ. ನಮ್ಮ ಸಾಕ್ಷಿ ಒಂದು ಜಪಾನಿ ಆಲ್ಬಂ.

'ಪರ್ಫ್ಯೂಮ್' ಅನ್ನೋದು ಜಪಾನಿನ ಪಾಪ್ ತಂಡ. ಹಿರೋಶಿಮಾದ ಮೂರು ಹುಡುಗಿಯರು: ಆ-ಚಾನ್, ಕಾಶಿಯುಕಾ, ನೊಚ್ಚಿ. ಅವರ ಮೊದಲ ಸ್ಟುಡಿಯೋ ಆಲ್ಬಂ 'ಗೇಮ್' ಬಂದದ್ದು 2008ರ ಏಪ್ರಿಲ್‌ನಲ್ಲಿ. ಆಗ ಮೂವರಿಗೂ 19 ವರ್ಷ, ಅಂದ್ರೆ ನಮ್ಮದೇ ವಯಸ್ಸು. ಯಾಸುತಾಕಾ ನಕಾತಾ ಸಂಗೀತದ 12 ಹಾಡುಗಳು. ಸಿಂಥಸೈಜರ್, ಡ್ರಮ್ ಮಷೀನ್‌ದೇ ರಾಜ್ಯ. ಹಾಡಿದ್ದು ಮಾತ್ರ ಅವರ ಭಾಷೆಯಲ್ಲೇ. 'ಚಾಕೊಲೇಟ್ ಡಿಸ್ಕೊ' ಥರ ಇಂಗ್ಲಿಷ್ ಹೆಸರು ಬಂದ್ರೂ ಅದನ್ನ ಜಪಾನಿ ನಾಲಿಗೆಗೆ ಒಗ್ಗಿಸಿಕೊಂಡೇ ಹಾಡ್ತಾರೆ. ಆಲ್ಬಂ ಆ ದೇಶದ ಓರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು.

ಅದರ ಮೊದಲ ಹಾಡು 'ಪಾಲಿರಿದಮ್'. 'ಕಾರ್ಸ್ 2' ಸಿನಿಮಾ ನೋಡಿದವರು ಕೇಳಿರ್ತೀರಿ. ಮಧ್ಯದಲ್ಲಿ ಹಾಡಿನ ಹೆಸರನ್ನೇ ತುಂಡು ಮಾಡಿ ಮತ್ತೆ ಮತ್ತೆ ತಿರುಗಿಸ್ತಾರೆ. ಕೆಳಗೆ ಡ್ರಮ್ ನಾಲ್ಕರ ಲೆಕ್ಕದಲ್ಲೇ ಹೋಗ್ತಿರುತ್ತೆ, ಮೇಲೆ ದನಿಗಳು ಐದರ, ಆರರ ಲೆಕ್ಕದಲ್ಲಿ ಸುತ್ತುತ್ತವೆ. ಮೊದಲ ಸಲ ಕೇಳಿದ್ರೆ ಫೈಲೇ ಕೆಟ್ಟಿದೆ ಅನ್ಸುತ್ತೆ. ಆಮೇಲೆ ಎಲ್ಲ ಒಂದು ಕಡೆ ಬಂದು ಸೇರ್ತಾವೆ ನೋಡಿ, ಆಗ ಕಾಲು ಸುಮ್ಮನಿರಲ್ಲ.

ಈಗ ಕನ್ನಡಕ್ಕೆ ಬರೋಣ. ಹೈಸ್ಕೂಲಲ್ಲಿ ಗುರು-ಲಘು ಹಾಕಿದ್ದು ನೆನಪಿದೆಯಾ? ಇಂಗ್ಲಿಷ್ ಮೀಡಿಯಂನವರಾದ ನಾವೂ ಮಾರ್ಕ್ಸ್‌ಗೋಸ್ಕರ ಹಾಕಿದವರೇ. 'ಕೊಂಡಜ್ಜಿ'ಗೆ ಹಾಕಿ ನೋಡಿ. 'ಕೊಂ' ಗುರು, ಒತ್ತಕ್ಷರದ ಹಿಂದಿರೋ 'ಡ' ಗುರು, 'ಜ್ಜಿ' ಲಘು. 2, 2, 1: ಒಟ್ಟು ಐದು ಮಾತ್ರೆ. ನಮ್ಮ ಮಂಡಕ್ಕಿಗೂ ಅಷ್ಟೇ. ಈಗ ನಾಲ್ಕು ಮಾತ್ರೆಗೊಂದು ಚಪ್ಪಾಳೆ ಹೊಡೀತಾ 'ಕೊಂಡಜ್ಜಿ ಕೊಂಡಜ್ಜಿ' ಅಂತ ಬಿಡದೆ ಹೇಳಿ. ಪ್ರತಿ ಸಲ ಪದ ಒಂದು ಮಾತ್ರೆ ಜಾರುತ್ತೆ. ನಾಲ್ಕು ಕೊಂಡಜ್ಜಿ, ಐದು ಚಪ್ಪಾಳೆ ಆದಮೇಲೆ, ಅಂದ್ರೆ 20 ಮಾತ್ರೆ ಮುಗಿದ ಮೇಲೆ, ಎರಡೂ ಮತ್ತೆ ಒಟ್ಟಿಗೆ ಶುರುವಾಗುತ್ತವೆ. ಕೊಂಡಜ್ಜಿ ಕೆರೆ ಏರಿ ಮೇಲೆ ಕೂತು ನಾವು ಮಾಡಿ ನೋಡಿದ್ವಿ. ಮೂರು ಸಲ ತಪ್ಪಿತು, ನಾಲ್ಕನೇ ಸಲ ಸರಿಯಾಗಿ ಕೂತ್ಕೊಂತು. ದಾರಿಯಲ್ಲಿ ಹೋಗ್ತಿದ್ದವರೊಬ್ಬರು "ಏನ್ರಪ್ಪಾ, ಭಜನೆನಾ?" ಅಂದ್ರು.

ಅವರು ಕೇಳಿದ್ದು ಸರಿಯಾಗೇ ಇತ್ತು. ಲಲಿತ ರಗಳೆಯ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಲೆಕ್ಕ ಮಾಡಿದ್ರೆ ಅದೇ 20. ಹರಿಹರ, ಅಂದ್ರೆ ನಮ್ಮ ಪಕ್ಕದ ಊರಲ್ಲ, ರಗಳೆಯ ಕವಿ, ಸುಮಾರು 800 ವರ್ಷದ ಹಿಂದೆಯೇ ಈ ಲಯದಲ್ಲಿ ಬರೆದಿದ್ದಾನೆ. ಬೀಟ್‌ಗೆ ಕೂರದ ಭಾಷೆ ಅಂತ ಯಾವ ಬಾಯಲ್ಲಿ ಹೇಳೋದು?

"ಅದೆಲ್ಲ ಮಷೀನ್ ದನಿ, ಹಾಡುಗಾರಿಕೆ ಅಲ್ಲ" ಅನ್ನೋರಿದ್ದಾರೆ. ಬರದ ಹಾಡನ್ನ ಮುಚ್ಚಿಡೋಕೆ ಆಟೋಟ್ಯೂನ್ ಬಳಸೋರ ಬಗ್ಗೆ ಆದ್ರೆ ಆ ಸಿಟ್ಟು ನಮಗೂ ಇದೆ. ಆದ್ರೆ ನಕಾತಾ ಏನನ್ನೂ ಮುಚ್ಚಿಡಲ್ಲ. ಹುಡುಗಿಯರ ದನಿಯನ್ನೂ ಇನ್ನೊಂದು ವಾದ್ಯದ ಥರ ಎದುರಿಗೇ ಇಡ್ತಾನೆ. ಅಲ್ಲದೆ ಆಟೋಟ್ಯೂನ್‌ನ 1997ರಲ್ಲಿ ತಂದ ಆಂಡಿ ಹಿಲ್ಡೆಬ್ರಾಂಡ್, ಅದಕ್ಕೆ ಮುಂಚೆ ನೆಲದೊಳಗಿನ ತೈಲ ಹುಡುಕೋಕೆ ಕಂಪನದ ಅಲೆಗಳನ್ನ ವಿಶ್ಲೇಷಿಸ್ತಿದ್ದವನು. ಅದರೊಳಗಿರೋದು ಆಟೋಕೋರಿಲೇಷನ್. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯೋದನ್ನೇ ಅವನು ಹಾಡಿಗೆ ಹಾಕಿದ.

"ಇದು ನಮ್ಮದಲ್ಲ" ಅನ್ನೋರಿಗೂ ಒಂದು ಮಾತು. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಬಾರಿಸೋ ಆಕ್ಟಾಪ್ಯಾಡ್ ಕೂಡ ಜಪಾನಿನ ರೋಲೆಂಡ್ ಕಂಪನಿ ತಂದದ್ದೇ. ಮಷೀನ್ ನಮ್ಮ ಓಣಿಗೆ ಯಾವತ್ತೋ ಬಂದಾಗಿದೆ. 'ಗೇಮ್' ಬಂದ 2008ರಲ್ಲೇ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಕೂಡ ಬಂತು; ಶಿಶುನಾಳ ಶರೀಫರ ಪದ ಗಿಟಾರ್ ಜೊತೆ ಆರಾಮಾಗಿ ಕೂತ್ಕೊಂತು. ಗಿಟಾರ್‌ಗೆ ಒಗ್ಗಿದ್ದು ಲ್ಯಾಪ್‌ಟಾಪ್‌ಗೆ ಯಾಕೆ ಒಗ್ಗಲ್ಲ?

ನಮಗೆ ಇದು ಬರೀ ಹಾಡಿನ ವಿಷಯ ಅಲ್ಲ. ಹಾಸ್ಟೆಲ್‌ನಲ್ಲಿ ಡೊಳ್ಳು ಬಾರಿಸೋರಿದ್ದಾರೆ, ಭಜನೆ ಪದ ಹಾಡೋರಿದ್ದಾರೆ. ಡಿಜೆ ನೈಟ್ ದಿನ ಅವರು ಹಿಂದೆ ಗೋಡೆಗೆ ಒರಗಿ ಮೊಬೈಲ್ ನೋಡ್ತಿರ್ತಾರೆ. ಕುಣಿತ ಅಂದ್ರೆ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತಿರೋರು ಅವರೇ. ಅವರಿಗೆ ಜಾಗ ಇಲ್ಲದ ಫೆಸ್ಟ್‌ನ ನಮ್ಮ ಫೆಸ್ಟ್ ಅಂತ ಕರೆಯೋದು ಹೆಂಗೆ?

ಅದಕ್ಕೆ ನಮ್ಮ ಸಲಹೆ ಇಷ್ಟು. ಈ ರಾಜ್ಯೋತ್ಸವಕ್ಕೆ ರೀಮಿಕ್ಸ್ ಬೇಡ. ಮೂರು ನಿಮಿಷದ್ದು ಒಂದೇ ಹಾಡು, ನಾವೇ ಮಾಡಿದ್ದು. ಮಾತು ದಾವಣಗೆರೆ ಕಡೇದು, ಪುಸ್ತಕದ್ದಲ್ಲ. ನಿಜವಾದ ಡೊಳ್ಳನ್ನ ರೆಕಾರ್ಡ್ ಮಾಡಿ, ಉಳಿದದ್ದನ್ನ ಎಲ್‌ಎಂಎಂಎಸ್, ಆಡಾಸಿಟಿಯಲ್ಲಿ ಕಟ್ಟೋಣ, ಎರಡೂ ಪುಕ್ಕಟೆ. ಕೋಡಿಂಗ್ ಬರೋರು, ಹಾಡೋರು, ಬಾರಿಸೋರು ಎಲ್ಲರೂ ಸಂಘದ ಮುಂದಿನ ಮೀಟಿಂಗ್‌ಗೆ ಬನ್ನಿ. ಡೊಳ್ಳು ಇರೋರು ಡೊಳ್ಳು ತನ್ನಿ.