ರೀಲು ದಂಡವಾದರೆ ಆಗಲಿ

ಮನೆಯಲ್ಲಿ ಅಣ್ಣನ ಪೆಂಟಾಕ್ಸ್ ಕೆ-1000 ಕ್ಯಾಮೆರಾವನ್ನು ನಾನು ಒರೆಸಿಡಬಹುದಿತ್ತು, ಮುಟ್ಟಿ ಕ್ಲಿಕ್ಕಿಸುವಂತಿರಲಿಲ್ಲ. "ಹೆಂಗಸರಿಗೆ ಅದರ ಲೆಕ್ಕ ಹತ್ತುವುದಿಲ್ಲ, ರೀಲು ದಂಡ" ಎಂಬ ತೀರ್ಪು. ಮೂವತ್ತು ವರ್ಷ ಮಕ್ಕಳಿಗೆ ಭಿನ್ನರಾಶಿ ಕಲಿಸಿದ ನನಗೆ ಈಗಲೂ ಅದೇ ಮಾತು!

ಯಾವ ಮಹಾ ಲೆಕ್ಕ? 400ರ ರೀಲು ಹಾಕಿದರೆ ಮೀಟರನ್ನೂ 400ಕ್ಕೆ ಇಡಬೇಕು. ಸುಡುಬಿಸಿಲಿಗೆ ಅಪರ್ಚರ್ 16, ಶಟರ್ 1/500. ಮೋಡ ದಟ್ಟವಾದರೆ ಅಪರ್ಚರ್ 5.6. ಕಣ್ಣಳತೆಯಲ್ಲೇ ಸಾರಿಗೆ ಉಪ್ಪು ಹಾಕುವವಳಿಗೆ ಇದೇನು ಬ್ರಹ್ಮವಿದ್ಯೆಯೇ?

ಹೌದು, ನನ್ನ ಮೊದಲ ರೀಲು ದಂಡವಾಯಿತು. ಲೀವರ್ ಎಳೆದಾಗ ಎಡಗಡೆಯ ರಿವೈಂಡ್ ಗುಂಡಿಯೂ ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಸಿಕ್ಕಿಲ್ಲ. ನಾನು ನೋಡಲಿಲ್ಲ, 36 ಚಿತ್ರವೂ ಖಾಲಿ. ಮನೆಮಂದಿಯೆಲ್ಲ ನಕ್ಕರು. 1989ರಲ್ಲಿ ಅಕ್ಕನ ಮದುವೆಯಲ್ಲಿ ಅಣ್ಣನೂ ಇದೇ ತಪ್ಪು ಮಾಡಿ ಧಾರೆಯ ಫೋಟೋ ಒಂದೂ ಉಳಿಯಲಿಲ್ಲ. ಆಗ "ಗಂಡಸರಿಗೆ ಲೆಕ್ಕ ಹತ್ತುವುದಿಲ್ಲ" ಎಂದು ಯಾರಾದರೂ ಅಂದರೇ? ರೀಲೇ ಸರಿಯಿರಲಿಲ್ಲವಂತೆ!

ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರವಾಲಾ ಅವರ ಮೊದಮೊದಲ ಚಿತ್ರಗಳೇ ಗಂಡನ ಹೆಸರಿನಲ್ಲಿ ಅಚ್ಚಾದವು. ನಮ್ಮದು ಯಾವ ಲೆಕ್ಕ ಬಿಡಿ.

ಎರಡನೆಯ ರೀಲಿಗೆ ಗುಂಡಿ ತಿರುಗಿತು. ಮೊದಲ ಚಿತ್ರ ಅಮ್ಮನದು. ಮನೆಯ ಯಾವ ಮದುವೆಯ ಆಲ್ಬಮ್ಮಿನಲ್ಲೂ ಅವಳಿಲ್ಲ. ಫೋಟೋ ತೆಗೆಯುವ ಹೊತ್ತಿಗೆಲ್ಲ ಅಡುಗೆಮನೆಯಲ್ಲಿರುತ್ತಿದ್ದಳು.